ಹಾರ್ಸ್‌ಪವರ್ ಆಮೇಲೆ, ಮೊದಲು ಹಿಡಿತ ಎಷ್ಟು ಹೇಳಿ

ಭಾಗ 1

ಹೋದ ವಾರ ನಮ್ಮ ಕ್ಲಾಸ್ ಗ್ರೂಪಲ್ಲಿ ಒಂದು ಮೀಮ್ ಓಡಾಡ್ತು. ನೋಡಿರ್ತೀರ. ಜೋರು ಮಳೆ, ಸಣ್ಣ ಏರು, ಸಿಗ್ನಲ್ ಹತ್ರ ನಿಂತ ಡೀಸೆಲ್ ಎಂಜಿನ್ನು, ಹಿಂದೆ ಕಣ್ಣು ಹಾಯೋವರೆಗೂ ಬೋಗಿಗಳು. ಎಂಜಿನ್ ಸದ್ದು ಏರುತ್ತೆ, ಚಕ್ರ ಸರ್ರಂತ ಜಾರುತ್ತೆ, ಸದ್ದು ಇಳಿಯುತ್ತೆ. ಮತ್ತೆ ಏರುತ್ತೆ, ಮತ್ತೆ ಜಾರುತ್ತೆ. ಗಾಡಿ ಮಾತ್ರ ಒಂದಡಿ ಕದಲಲ್ಲ. ಮೇಲೆ ಬರಹ: “4000 ಎಚ್‌ಪಿ ಕೊಟ್ರೂ ಓಡ್ಸಕ್ಕೆ ಬರಲ್ಲ, ಇವ್ರಿಗೆ ಲೈಸೆನ್ಸ್ ಕೊಟ್ಟೋರ್ಯಾರು?”

ನಾನೂ ನಗೋ ಎಮೋಜಿ ಹಾಕ್ದೆ. ಸುಳ್ಳು ಹೇಳಲ್ಲ.

ಸಂಜೆ ಅದನ್ನ ನಮ್ಮ ಮಾವನಿಗೆ ತೋರಿಸ್ದೆ. ಮಾವ ಲೋಕೋ ಪೈಲಟ್ ಆಗಿದ್ದವರು, ಈಗ ರಿಟೈರ್ಡ್. ನಗ್ತಾರೆ ಅಂದ್ಕೊಂಡಿದ್ದೆ. ಕನ್ನಡಕ ಏರಿಸ್ಕೊಂಡು ಎರಡು ಸಲ ನೋಡಿದ್ರು. ಆಮೇಲೆ ಒಂದೇ ಪ್ರಶ್ನೆ: “ಇದು ಆರು ಮೋಟಾರಿನ ಎಂಜಿನ್ನೋ, ನಾಲ್ಕು ಮೋಟಾರಿಂದೋ?”

ಗೊತ್ತಿಲ್ಲ ಅಂದೆ. ವಿಡಿಯೊದಲ್ಲಿ ನಂಬರೂ ಕಾಣಲ್ಲ.

“ಅದು ಗೊತ್ತಿಲ್ದೆ ಅವನಿಗೆ ಬೈದ್ರಾ?”

ಮೆಕ್ಯಾನಿಕಲ್ ಕೊನೇ ವರ್ಷದಲ್ಲಿದ್ದೀನಿ ನಾನು. ಘರ್ಷಣೆ ಅಂದ್ರೆ ಏನು ಅಂತ ಎರಡು ಸಲ ಪರೀಕ್ಷೆ ಬರ್ದಿದ್ದೀನಿ. ಆ ಪ್ರಶ್ನೆ ಯಾಕೆ ಕೇಳಿದ್ರು ಅಂತ ಅರ್ಥ ಆಗೋಕೆ ಮಾತ್ರ ನಾಲ್ಕು ದಿನ ಬೇಕಾಯ್ತು. ಆ ನಾಲ್ಕು ದಿನದ್ದೇ ಈ ಸರಣಿ. ಓದೋರು ಓದಿ, ಬರೀ ಫೋಟೋ ನೋಡೋರು ಫೋಟೋ ನೋಡಿ. ಆದ್ರೆ ಆ ಮೀಮ್ ಮಾಡಿದ ಪುಣ್ಯಾತ್ಮ ಮಾತ್ರ ಕೊನೇತನಕ ಓದ್ಲೇಬೇಕು.

ಭಾಗ 2

ಫೋಟೋದಲ್ಲಿರೋದು ರೈಲಲ್ಲ, ನಮ್ಮೂರ ಗದ್ದೇಲಿ ನಾಟಿ ಟೈಮಲ್ಲಿ ಹೂತ ಟ್ರ್ಯಾಕ್ಟರ್.

ಕೆಸರಲ್ಲಿ ಟ್ರ್ಯಾಕ್ಟರ್ ಹೂತಾಗ ಯಾರಾದ್ರೂ “ಇದಕ್ಕೆ ಇನ್ನೂ ಹತ್ತು ಎಚ್‌ಪಿ ಬೇಕಿತ್ತು” ಅಂತಾರಾ? ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಇನ್ನೂ ಕೆಳಗೆ ಹೋಗುತ್ತೆ. ಅದಕ್ಕೇ ಕೇಜ್ ವೀಲ್ ಹಾಕ್ತಾರೆ, ಹಿಂದಿನ ಟೈರಿಗೆ ನೀರು ತುಂಬಿಸ್ತಾರೆ, ಭಾರ ಕಟ್ತಾರೆ. ಶಕ್ತಿ ಎಂಜಿನ್ನಲ್ಲಿ ಹುಟ್ಟುತ್ತೆ, ಸರಿ. ಆದ್ರೆ ಕೆಲಸ ಆಗೋದು ಚಕ್ರ ನೆಲ ಹಿಡಿದ್ರೆ ಮಾತ್ರ. ಅಕ್ಷರ ಬಾರದ ನಮ್ಮ ಅಜ್ಜನಿಗೂ ಇದು ಗೊತ್ತಿತ್ತು. ರೈಲಿನ ಫೋಟೋ ಹಾಕೋ ನಮಗೆ ಮಾತ್ರ ಬರೀ ಎಚ್‌ಪಿ ಬೇಕು. 3100 ದೊಡ್ಡದು, 4000 ಇನ್ನೂ ದೊಡ್ಡದು, 4500 ಬಂದ್ರೆ ಬೆಂಕಿ ಎಮೋಜಿ.

ರೈಲಲ್ಲಿ ವಿಷಯ ಇನ್ನೂ ಕಷ್ಟದ್ದು. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ. ಒಂದು ಚಕ್ರ ಹಳಿಯನ್ನ ಮುಟ್ಟೋ ಜಾಗ ಹೆಚ್ಚುಕಮ್ಮಿ ಒಂದು ನಾಣ್ಯದಷ್ಟು. ರೈಲು ಕಡಿಮೆ ಡೀಸೆಲ್ಲಲ್ಲಿ ಸಾವಿರ ಟನ್ ಎಳೆಯೋದು ಈ ನುಣುಪಿನ ದಯೆಯಿಂದ. ಏರಲ್ಲಿ ಜಾರೋದೂ ಅದೇ ನುಣುಪಿನ ಶಾಪದಿಂದ.

ಲೆಕ್ಕ ತುಂಬಾ ಸುಲಭ. ಮೋಟಾರ್ ಇರೋ ಚಕ್ರಗಳ ಮೇಲೆ ಎಷ್ಟು ಭಾರ ಕೂತಿದೆಯೋ, ಅದರ ಒಂದು ಪಾಲು ಮಾತ್ರ ನಿಮಗೆ ಎಳೆತವಾಗಿ ಸಿಗುತ್ತೆ. ಒಣ ಹಳಿ ಇದ್ರೆ ಆ ಪಾಲು ಸುಮಾರು 0.3. ಹೊಸ ಎಲೆಕ್ಟ್ರಾನಿಕ್ ನಿಯಂತ್ರಣ ಇದ್ರೆ ಇನ್ನೂ ಸ್ವಲ್ಪ ಮೇಲೆ. ಮಳೆ ಹನಿ ಬಿದ್ದು ಹಳಿ ಮೇಲಿನ ಧೂಳು, ಎಣ್ಣೆ, ತರಗೆಲೆ ಸೇರಿ ಲೋಳೆ ಆಯ್ತು ಅನ್ನಿ, ಆಗ 0.15ಕ್ಕೋ ಅದಕ್ಕೂ ಕೆಳಗೋ ಇಳಿಯುತ್ತೆ. ಗಮನಿಸಿ, ಈ ಲೆಕ್ಕದಲ್ಲಿ ಎಚ್‌ಪಿ ಅನ್ನೋ ಪದ ಬಂದೇ ಇಲ್ಲ.

ಭಾಗ 3

ಹಾಗಾದ್ರೆ ಎಚ್‌ಪಿ ಎಲ್ಲಿ ಬರುತ್ತೆ? ವೇಗದಲ್ಲಿ. ಶಕ್ತಿ ಅಂದ್ರೆ ಎಳೆತ ಗುಣಿಸು ವೇಗ. ಪಿಯುಸಿ ಪಾಠ.

4000 ಎಚ್‌ಪಿ ಎಂಜಿನ್ ತಗೊಳ್ಳಿ. ಜನರೇಟರ್, ಮೋಟಾರ್, ಕೂಲಿಂಗ್ ಫ್ಯಾನ್ ಎಲ್ಲಾ ತಮ್ಮ ಪಾಲು ತಿಂದ ಮೇಲೆ ಚಕ್ರಕ್ಕೆ ಸುಮಾರು 2500 ಕಿಲೋವಾಟ್ ಬರುತ್ತೆ ಅನ್ಕೊಳ್ಳೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಷ್ಟು ಶಕ್ತಿಯಿಂದ ಸಿಗೋ ಎಳೆತ ಬರೀ 9 ಟನ್. ಅಲ್ಲಿ ಚಕ್ರ ಜಾರೋ ಮಾತೇ ಇಲ್ಲ, ಅಲ್ಲಿ ಕೊರತೆ ಇರೋದು ಎಚ್‌ಪಿಗೆ. 36 ಕಿ.ಮೀ. ವೇಗದಲ್ಲಿ ಅದೇ ಶಕ್ತಿ 25 ಟನ್ ಎಳೆತ ಕೊಡುತ್ತೆ. 18 ಕಿ.ಮೀ.ಗೆ ಇಳಿದ್ರೆ 50 ಟನ್ ಆಗ್ಬೇಕು. ಆಗುತ್ತಾ? ಹಳಿ ಹಿಡಿದ್ರೆ ತಾನೆ!

ಅಂದ್ರೆ ಪ್ರತಿ ಎಂಜಿನ್ನಿಗೂ ಒಂದು ಗಡಿ ವೇಗ ಇದೆ. ಅದರ ಮೇಲೆ ಎಚ್‌ಪಿ ರಾಜ, ಅದರ ಕೆಳಗೆ ಹಿಡಿತ ರಾಜ. ಪ್ಯಾಸೆಂಜರ್ ಎಂಜಿನ್ ಮಾಡೋರ ಕೆಲಸ ಏನಂದ್ರೆ ಈ ಇಬ್ಬರ ಮಧ್ಯೆ ರಾಜಿ ಮಾಡಿಸೋದು. ಗೂಡ್ಸ್ ಎಂಜಿನ್ ಆದ್ರೆ ಹಿಡಿತದ ಕಡೆ ವಾಲಿದ್ರೂ ನಡೆಯುತ್ತೆ. ಪ್ಯಾಸೆಂಜರಿಗೆ ಎರಡೂ ಬೇಕು. ಬಯಲಲ್ಲಿ 110ರಲ್ಲಿ ಓಡ್ಬೇಕು, ಹತ್ತು ನಿಮಿಷ ಬಿಟ್ಟು ಏರಲ್ಲಿರೋ ಸಿಗ್ನಲ್ಲಲ್ಲಿ ನಿಂತು 24 ಬೋಗಿ ಎಳ್ಕೊಂಡು ಹೊರಡ್ಬೇಕು.

ಭಾಗ 4

ಈಗ ಮಾವನ ಪ್ರಶ್ನೆಗೆ ಬರೋಣ. ಇದೇ ನನ್ನ ಜಗಳದ ಮುಖ್ಯ ಭಾಗ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸ ತಗೊಂಡು ಭಾರತೀಯ ರೈಲ್ವೆ ಎರಡು ಎಂಜಿನ್ ತಂತು. 1999ರಲ್ಲಿ ಬಂದ ಡಬ್ಲ್ಯುಡಿಜಿ-4 ಗೂಡ್ಸಿಗೆ. 2001ರ ಹೊತ್ತಿಗೆ ಬಂದ ಡಬ್ಲ್ಯುಡಿಪಿ-4 ಪ್ಯಾಸೆಂಜರಿಗೆ. ಎರಡಕ್ಕೂ ಮೊದಲ ಮನೆ ನಮ್ಮ ಹುಬ್ಬಳ್ಳಿ ಡೀಸೆಲ್ ಶೆಡ್. ಎರಡರ ಹೊಟ್ಟೆಯಲ್ಲೂ ಅದೇ 16 ಸಿಲಿಂಡರಿನ 710 ಎಂಜಿನ್, ಎರಡರದ್ದೂ 4000 ಎಚ್‌ಪಿ.

ಈಗ ಹೊರಡುವಾಗಿನ ಗರಿಷ್ಠ ಎಳೆತ ನೋಡಿ. ಗೂಡ್ಸಿಂದು 540 ಕಿಲೋನ್ಯೂಟನ್. ಪ್ಯಾಸೆಂಜರಿಂದು 270. ಸರಿಯಾಗಿ ಅರ್ಧ! ಅದೇ ಎಂಜಿನ್, ಅದೇ ಎಚ್‌ಪಿ.

ಗೇರ್ ಬೇರೆ ಇದೆ, ಒಪ್ತೀನಿ. ಪ್ಯಾಸೆಂಜರಿಂದು ವೇಗಕ್ಕೆ ಮಾಡಿದ ಗೇರ್. ತೂಕವೂ ಸ್ವಲ್ಪ ಕಡಿಮೆ. ಆದ್ರೆ ದೊಡ್ಡ ವ್ಯತ್ಯಾಸ ಕೆಳಗಿದೆ. ಗೂಡ್ಸ್ ಎಂಜಿನ್ನಿಗೆ ಆರು ಆಕ್ಸಲ್, ಆರಕ್ಕೂ ಮೋಟಾರ್. ಡಬ್ಲ್ಯುಡಿಪಿ-4ಕ್ಕೂ ಆರು ಆಕ್ಸಲ್, ಮೋಟಾರ್ ಇರೋದು ನಾಲ್ಕಕ್ಕೆ. ಪ್ರತಿ ಬೋಗಿಯಲ್ಲೂ ಒಳಬದಿಯ ಒಂದು ಆಕ್ಸಲ್ ಸುಮ್ನೆ ಉರುಳ್ಕೊಂಡು ಬರುತ್ತೆ. (ಬೋಗಿ ಅಂದ್ರೆ ನಮಗೆ ಡಬ್ಬಿ. ರೈಲ್ವೆಯೋರಿಗೆ ಚಕ್ರ ಕೂರಿಸೋ ಚೌಕಟ್ಟು. ಇಲ್ಲಿ ಹೇಳಿದ್ದು ಎರಡನೇದು. ಮಾವನ ಹತ್ರ ಇದಕ್ಕೇ ಅರ್ಧ ಗಂಟೆ ಬೈಸ್ಕೊಂಡೆ.)

ಯಾಕೆ ಹೀಗೆ ಮಾಡಿದ್ರು? ಎರಡು ಮೋಟಾರ್ ಉಳೀತು, ಅದರ ಖರ್ಚು ಉಳೀತು, ತೂಕ ಇಳೀತು, ರಿಪೇರಿ ಇಳೀತು. ಪ್ಯಾಸೆಂಜರ್ ಗಾಡಿ ಗೂಡ್ಸಿನಷ್ಟು ಭಾರ ಇರಲ್ಲವಲ್ಲ, ಅಷ್ಟು ಎಳೆತ ಯಾಕೆ ಅನ್ನೋ ವಾದ. 100 ಕಿ.ಮೀ.ನಲ್ಲಿ 9 ಟನ್ ಲೆಕ್ಕ ನೆನಪಿದೆಯಲ್ಲ? ಅದಕ್ಕೆ ನಾಲ್ಕೇ ಮೋಟಾರ್ ಧಾರಾಳ ಸಾಕು. ಕಾಗದದ ಮೇಲೆ ಪೆದ್ದು ವಾದ ಅಲ್ವೇ ಅಲ್ಲ ಇದು.

ಆದ್ರೆ ಕಾಗದದ ಮೇಲೆ ಮಳೆ ಬರಲ್ಲ.

ಭಾಗ 5

ಕ್ಯಾಲ್ಕುಲೇಟರ್ ತೆಗೀರಿ. ಸುಲಭ ಆಗಲಿ ಅಂತ ಆಕ್ಸಲ್ಲಿಗೆ 20 ಟನ್ ಇಟ್ಕೊಳ್ಳೋಣ. ನಾಲ್ಕು ಮೋಟಾರಿನ ಎಂಜಿನ್ನಲ್ಲಿ ಹಿಡಿತಕ್ಕೆ ಸಿಗೋ ಭಾರ 80 ಟನ್. ಆರಿದ್ರೆ 120.

ಒಣ ಹಳಿ: ನಾಲ್ಕಕ್ಕೆ 24 ಟನ್ ಎಳೆತ, ಆರಕ್ಕೆ 36. ಹಿಂದಿನ ಭಾಗದ ಗಡಿ ವೇಗ ಹಾಕಿದ್ರೆ, ನಾಲ್ಕು ಮೋಟಾರಿನ 4000 ಎಚ್‌ಪಿ ಸುಮಾರು 36 ಕಿ.ಮೀ. ದಾಟೋವರೆಗೆ ಪೂರ್ತಿ ಹಳಿಗೆ ಇಳಿಯೋದೇ ಇಲ್ಲ. ಆರು ಮೋಟಾರಾದ್ರೆ 25 ಕಿ.ಮೀ.ಗೇ ಇಳಿಯುತ್ತೆ. ಸಮತಟ್ಟು ದಾರೀಲಿ 24 ಬೋಗಿ ಎಳ್ಕೊಂಡು ಹೊರಟ್ರೆ 36 ಕಿ.ಮೀ. ಮುಟ್ಟೋದ್ರಲ್ಲಿ ವ್ಯತ್ಯಾಸ ಸುಮಾರು 20 ಸೆಕೆಂಡು. ಅಷ್ಟೇನಾ ಅಂದ್ರೆ, ಹೌದು, ಅಷ್ಟೇ. ಬೇಸಿಗೇಲಿ ಯಾರಿಗೂ ಗೊತ್ತಾಗಲ್ಲ.

ಮೀಮ್ ಜಾಗಕ್ಕೆ ಬನ್ನಿ. ಮಳೆ, 0.15. ನಾಲ್ಕಕ್ಕೆ 12 ಟನ್, ಆರಕ್ಕೆ 18. ಗಾಡಿ, ಎಂಜಿನ್ ಸೇರಿ 1200 ಟನ್. ಏರು 100ಕ್ಕೆ 1, ಅಂದ್ರೆ ನೂರು ಮೀಟರ್ ಹೋದ್ರೆ ಒಂದು ಮೀಟರ್ ಮೇಲೆ. ನಡೆದ್ರೆ ಕಾಲಿಗೆ ಗೊತ್ತೂ ಆಗದ ಏರು, ಘಾಟಿ ಅಲ್ಲದ ದಾರಿಗಳಲ್ಲೂ ಬರೋವಂಥದ್ದು. ಅದನ್ನ ಹತ್ತೋಕೇ 12 ಟನ್ ಬೇಕು. ನಿಂತ ಗಾಡಿ ಕದಲಿಸೋಕೆ ಮೇಲೆ ಇನ್ನೊಂದು 3 ಟನ್. ಒಟ್ಟು 15.

12 ಇದೆ, 15 ಬೇಕು. ಕದಲಲ್ಲ. 18 ಇದ್ರೆ ಕದಲುತ್ತೆ.

ಇದರಲ್ಲಿ ಲೋಕೋ ಪೈಲಟ್ ಎಲ್ಲಿ ಬಂದ್ರು? ಎಂಜಿನ್ನನ್ನ 4000ದಿಂದ 6000 ಎಚ್‌ಪಿಗೆ ಏರಿಸಿ, ಆ 12 ಟನ್ನು 12 ಟನ್ನೇ. ಇವತ್ತು ನಿಮ್ಮನ್ನೇ ಆ ಸೀಟಲ್ಲಿ ಕೂರಿಸಿದ್ರೆ ಏನ್ ಮಾಡ್ತೀರ? ನಾಚ್ ಏರಿಸ್ತೀರ. ಎಂಟನೇ ನಾಚಿಗೆ ಒತ್ತುತ್ತೀರ. ಚಕ್ರ ಜಾರುತ್ತೆ, ಜಾರೋದನ್ನ ನೋಡಿ ಕಂಪ್ಯೂಟರ್ ತಾನೇ ಶಕ್ತಿ ಇಳಿಸುತ್ತೆ. ಅದೇ ಆ ವಿಡಿಯೊದಲ್ಲಿ ಕೇಳಿದ ಏರಿಳಿತದ ಸದ್ದು. ನಾವು ಅದನ್ನ ಓಡಿಸೋಕೆ ಬರದೇ ಇರೋದು ಅಂದ್ಕೊಂಡು ನಕ್ಕೆವು. ಚಕ್ರ ನಿಂತಲ್ಲೇ ಉಜ್ಜಿ ಹಳಿ ಸುಟ್ಟು ಹೋಗದ ಹಾಗೆ ಕಾಯೋ ಸದ್ದು ಅದು.

ಮಾವ ಹೇಳೋ ಪ್ರಕಾರ ಅಲ್ಲಿ ಮಾಡೋ ಕೆಲಸ ಬೇರೆ. ನಾಚ್ ಇಳಿಸ್ಬೇಕು, ಚಕ್ರದ ಮುಂದೆ ಮರಳು ಬಿಡ್ಬೇಕು, ಸಿಗೋ ಅಷ್ಟು ಹಿಡಿತದಲ್ಲಿ ಒಂದೊಂದು ಅಂಗುಲ ಗಿಟ್ಟಿಸ್ಬೇಕು. ಮರಳು ಒದ್ದೆಯಾಗಿ ಗಂಟು ಕಟ್ಟಿದ್ರೆ, ಪೈಪ್ ಕಟ್ಟಿದ್ರೆ, ಮುಗೀತು. ಹಿಂದಿನಿಂದ ಇನ್ನೊಂದು ಎಂಜಿನ್ ಬರೋವರೆಗೆ ಕಾಯೋದು. ಒಳಗೆ ಕೂತ ಸಾವಿರ ಜನ ಬೈಯೋದು ಅವನಿಗೆ. ಲೇಟ್ ಯಾಕಾಯ್ತು ಅಂತ ಬರೆದು ಕೊಡೋದೂ ಅವನೇ.

“ಎರಡು ಮೋಟಾರ್ ಉಳಿಸಿದ್ದು ಯಾರೋ, ಸಹಿ ಹಾಕಿದ್ದು ನಾನು” ಅಂದ್ರು ಮಾವ. ಆಮೇಲೆ ಕಾಫಿ ಕುಡಿಯೋಕೆ ಎದ್ದು ಹೋದ್ರು.

ಭಾಗ 6

ಇಲ್ಲಿಗೆ ಬರ್ತಿದ್ದ ಹಾಗೆ ಒಬ್ಬ ಬುದ್ಧಿವಂತ ಬರ್ತಾನೆ, ನಮ್ಮ ಕ್ಲಾಸಲ್ಲೇ ಇದ್ದಾನೆ, ಹೆಸರು ಬೇಡ. “ಗುರು, ಅಮೆರಿಕದಲ್ಲಿ ಪ್ಯಾಸೆಂಜರ್ ಎಂಜಿನ್ನಿಗೆ ನಾಲ್ಕೇ ಮೋಟಾರ್ ಇರೋದು, ಅವ್ರಿಗೆ ಆಗೋದು ನಮಗ್ಯಾಕೆ ಆಗಲ್ಲ?”

ಒಳ್ಳೇ ಪ್ರಶ್ನೆ. ಉತ್ತರ ಇನ್ನೂ ಒಳ್ಳೇದು. ಆಮ್‌ಟ್ರಾಕ್‌ನ ಪಿ42 ಎಂಜಿನ್ ನೋಡಿ. ಶಕ್ತಿ 4000 ಎಚ್‌ಪಿಗಿಂತ ಸ್ವಲ್ಪ ಮೇಲೆ, ತೂಕ ಸುಮಾರು 120 ಟನ್, ನಾಲ್ಕು ಮೋಟಾರ್. ಆದ್ರೆ ಆಕ್ಸಲ್ಲೂ ನಾಲ್ಕೇ! ಆ 120 ಟನ್ನೂ ಮೋಟಾರ್ ಚಕ್ರದ ಮೇಲೇ ಕೂತಿದೆ. ಆಕ್ಸಲ್ಲಿಗೆ 30 ಟನ್. ಅವರ ಹಳಿ ಅದನ್ನ ತಡೆಯುತ್ತೆ. ನಮ್ಮ ಪ್ಯಾಸೆಂಜರ್ ಮಾರ್ಗಗಳ ಹಳಿ, ಸೇತುವೆ ಅಷ್ಟು ಭಾರ ತಡೆಯೋ ಹಾಗೆ ಕಟ್ಟಿದ್ದಲ್ಲ. ಅದಕ್ಕೇ ನಾವು ಅದೇ ತೂಕವನ್ನ ಆರು ಆಕ್ಸಲ್ಲಿಗೆ ಹಂಚಿದ್ವಿ. ಹಂಚಿದ ಮೇಲೆ ಎರಡರಿಂದ ಮೋಟಾರ್ ಕಿತ್ವಿ. ಅಲ್ಲಿಗೆ ಮೂರರಲ್ಲಿ ಒಂದು ಪಾಲು ತೂಕ ಸುಮ್ನೆ ಹೊತ್ಕೊಂಡು ತಿರುಗೋ ಮೂಟೆ ಆಯ್ತು. ನಾಲ್ಕು ಮೋಟಾರ್ ಅನ್ನೋ ಮಾತು ಎರಡೂ ಕಡೆ ಒಂದೇ, ಅರ್ಥ ಮಾತ್ರ ಬೇರೆ ಬೇರೆ.

ಇನ್ನೊಂದು ದಾರಿಯೂ ಇದೆ. 1976ರಲ್ಲಿ ಬ್ರಿಟನ್ನಿನವರು ತಮ್ಮ ಹೈಸ್ಪೀಡ್ ಟ್ರೈನಿಗೆ ಮಾಡಿದ್ದು ಅದೇ. ಒಂದು ದೊಡ್ಡ ಎಂಜಿನ್ ಬದಲು ಗಾಡಿಯ ಎರಡು ತುದಿಗೂ 2250 ಎಚ್‌ಪಿಯ ಒಂದೊಂದು, ಪ್ರತಿಯೊಂದೂ ಸುಮಾರು 70 ಟನ್, ಪ್ರತಿಯೊಂದಕ್ಕೂ ನಾಲ್ಕು ಮೋಟಾರ್. ಒಟ್ಟು 4500 ಎಚ್‌ಪಿ ಎಂಟು ಆಕ್ಸಲ್ಲಿಗೆ ಹಂಚಿಹೋಯ್ತು. ಯಾವ ಆಕ್ಸಲ್ಲಿಗೂ ಹೊರೆ ಹೆಚ್ಚಿಲ್ಲ, ಯಾವ ಆಕ್ಸಲ್ಲೂ ಸೋಮಾರಿ ಅಲ್ಲ. ಅವರ ಗಾಡಿ ಏಳೆಂಟು ಬೋಗಿಯದ್ದು, ನಮ್ಮದು 24, ಅದನ್ನೇ ತಂದು ಇಲ್ಲಿ ಅಂಟಿಸೋಕೆ ಆಗಲ್ಲ. ಆದ್ರೆ ಎಚ್‌ಪಿಯನ್ನೂ ಹಿಡಿತವನ್ನೂ ಒಟ್ಟಿಗೆ ಲೆಕ್ಕ ಹಾಕಿದೋರು ಹೇಗೆ ಯೋಚಿಸ್ತಾರೆ ಅನ್ನೋದಕ್ಕೆ ನನಗೆ ಇದಕ್ಕಿಂತ ಇಷ್ಟವಾದ ಉದಾಹರಣೆ ಇಲ್ಲ.

ಭಾಗ 7

ನಮ್ಮ ರೈಲ್ವೆಯೋರಿಗೆ ಇದು ಗೊತ್ತಾಗ್ಲಿಲ್ವಾ? ಗೊತ್ತಾಯ್ತು. ಡಬ್ಲ್ಯುಡಿಪಿ-4ರ ಚಕ್ರ ಜಾರೋ ಕಾಟ ಎಲ್ರಿಗೂ ತಿಳಿದ ವಿಷಯವಾಗಿತ್ತು. 2010ರಲ್ಲಿ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ (ಈಗ ಬನಾರಸ್ ಲೋಕೋಮೋಟಿವ್ ವರ್ಕ್ಸ್) ಡಬ್ಲ್ಯುಡಿಪಿ-4ಬಿ ತಂತು. ಆರು ಆಕ್ಸಲ್, ಆರು ಮೋಟಾರ್. ಆಮೇಲೆ ಬಂದ, ಎರಡೂ ಕಡೆ ಕ್ಯಾಬ್ ಇರೋ 4ಡಿಗೂ ಆರೇ.

ಆಗ ಎಲ್ಲರೂ ಕೂಗಿದ್ದು ಏನು ಗೊತ್ತಾ? “4500 ಎಚ್‌ಪಿ ಬಂತು!” ಅಂತ. ಎಚ್‌ಪಿ ಹೆಚ್ಚಿದ್ದು ನೂರಕ್ಕೆ ಹನ್ನೆರಡೂವರೆ. ಹೊರಡುವಾಗಿನ ಎಳೆತ ಹೆಚ್ಚಿದ್ದು ನೂರಕ್ಕೆ ನಲವತ್ತಕ್ಕೂ ಮೇಲೆ. ನಿಜವಾದ ಸುದ್ದಿ ಎರಡನೇದು. ಫೋಟೋ ಕೆಳಗೆ ಅದನ್ನ ಬರೆದೋರು ಎಷ್ಟು ಜನ ಇದ್ದಾರೆ, ಹುಡುಕಿ ನೋಡಿ. ನನ್ನದೇ ಹಳೇ ಪೋಸ್ಟುಗಳಲ್ಲೂ ಇಲ್ಲ. ಅಳಿಸೋಣ ಅನ್ನಿಸ್ತು, ಅಳಿಸಿಲ್ಲ, ಇರ್ಲಿ.

ನಾಲ್ಕು ಮೋಟಾರಿನದ್ದು ಕೆಟ್ಟ ಎಂಜಿನ್ ಅಂತ ನಾನು ಹೇಳ್ತಿಲ್ಲ. ಸಮತಟ್ಟು ದಾರಿ, ಹದಿನೈದು ಬೋಗಿ, ಕಡಿಮೆ ನಿಲುಗಡೆ ಇದ್ರೆ ಅದು ಚಿನ್ನದಂಥ ಎಂಜಿನ್. ನನ್ನ ಸಿಟ್ಟಿರೋದು ಒಂದೇ ಸಂಖ್ಯೆ ಹಿಡ್ಕೊಂಡು ಎಲ್ಲಾ ದಾರಿಗೂ ಎಲ್ಲಾ ಗಾಡಿಗೂ ಅದೇ ಸಾಕು ಅನ್ನೋ ಧೋರಣೆ ಮೇಲೆ. ನಮ್ಮ ಕಡೆ ದಾರಿ ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಇಳಿಯೋ ಘಾಟಿ 55 ಕಿ.ಮೀ., 57 ಸುರಂಗ, ಏರು 50ಕ್ಕೆ 1. ಆ ಕಡೆ ಕ್ಯಾಸಲ್‌ರಾಕ್‌ನಿಂದ ಕುಳೆಂ ಘಾಟಿ 37ಕ್ಕೆ 1. 50ಕ್ಕೆ 1 ಅಂದ್ರೆ ನಮ್ಮ ಅದೇ 1200 ಟನ್ ಗಾಡಿಗೆ ಏರಿಗೇ 24 ಟನ್ ಬೇಕು. ತಿರುವಿನ ಉಜ್ಜಾಟ ಬೇರೆ. ಒಂಟಿ ಎಂಜಿನ್ನಿಗೆ, ಆರು ಮೋಟಾರ್ ಇದ್ರೂ, ಮಳೆಗಾಲದಲ್ಲಿ ಆಗದ ಮಾತು. ಅದಕ್ಕೇ ಅಲ್ಲಿ ಹಿಂದೆ ಬ್ಯಾಂಕರ್ ಎಂಜಿನ್ ತಳ್ಳುತ್ತೆ. ಬ್ಯಾಂಕರ್ ತರೋದು ಎಚ್‌ಪಿ ಅಂತ ಅಂದ್ಕೊಂಡಿದ್ದೆ ನಾನು. ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ಹತ್ತೋ ಗಾಡಿಗೆ ಎಚ್‌ಪಿಗಿಂತ ಮುಖ್ಯವಾಗಿ ಬೇಕಿರೋದು ಹಳಿ ಕಚ್ಚಿ ಹಿಡಿಯೋ ಇನ್ನಷ್ಟು ಆಕ್ಸಲ್.

ಭಾಗ 8 (ಕೊನೇದು)

“ಡೀಸೆಲ್ ಕಾಲ ಮುಗೀತಾ ಬಂತು, ಎಲ್ಲಾ ಕಡೆ ಕರೆಂಟ್ ಎಂಜಿನ್, ಇದನ್ನ ಈಗ ಯಾಕೆ ಕೆದಕ್ತೀಯ” ಅಂತ ಇನ್ನೊಬ್ಬ. ಮಾರಾಯ, ಕರೆಂಟ್ ಬಂದ್ರೆ ಮಳೆ ನಿಲ್ಲುತ್ತಾ? ಡಬ್ಲ್ಯುಎಪಿ-5 ಅಂತ ಎಲೆಕ್ಟ್ರಿಕ್ ಎಂಜಿನ್ ಇದೆ, 5000ಕ್ಕೂ ಮೇಲೆ ಎಚ್‌ಪಿ, 160 ಕಿ.ಮೀ. ಓಟ, ನಾಲ್ಕೇ ಆಕ್ಸಲ್, 78 ಟನ್. ಅದರ ಅಣ್ಣ ಡಬ್ಲ್ಯುಎಪಿ-7, ಆರು ಆಕ್ಸಲ್, 123 ಟನ್. 24 ಬೋಗಿಯ ಗಾಡಿಗಳಿಗೆ ದೇಶದ ತುಂಬಾ ಯಾವುದನ್ನ ಕಟ್ತಾರೆ ಅಂತ ಪ್ಲಾಟ್‌ಫಾರ್ಮಲ್ಲಿ ನಿಂತು ನೀವೇ ಎಣಿಸಿ. ಮೇಲಿಂದ ತಂತಿ ಎಷ್ಟು ಬೇಕಾದ್ರೂ ಶಕ್ತಿ ಕೊಡುತ್ತೆ, ಕೆಳಗೆ ಹಳಿ ತಡೆಯೋದು ಅದರ ಲೆಕ್ಕದಷ್ಟೇ. ಎಚ್‌ಪಿ ಸುಲಭವಾಗಿ ಸಿಗೋ ಕಾಲದಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದಾಗುತ್ತೆ, ಸಣ್ಣದಾಗಲ್ಲ.

ಮೀಮ್ ಮಾಡಿದೋನೇ, ನಿನ್ನ ಮೇಲೆ ದ್ವೇಷ ಇಲ್ಲ. ನಾಳೆ ನೀನೋ ನಾನೋ ಯಾವುದಾದ್ರೂ ಡಿಸೈನ್ ಆಫೀಸಲ್ಲಿ ಕೂತು ಎರಡು ಮೋಟಾರ್ ಉಳಿಸೋ ಕಾಗದಕ್ಕೆ ಸಹಿ ಹಾಕೋ ಜಾಗದಲ್ಲಿ ಇರ್ತೀವಿ. ಅವತ್ತು ಆ ಏರಲ್ಲಿ ಮಳೇಲಿ ನಿಲ್ಲೋ ಗಾಡಿ ನಮ್ದು, ಬೈಸ್ಕೊಳ್ಳೋನು ಇನ್ಯಾರೋ. ಆದ್ರಿಂದ ಆ ಪೋಸ್ಟ್ ತೆಗಿ. ತೆಗೆಯಲ್ಲ ಅಂದ್ರೆ ಕೆಳಗೆ 5ನೇ ಭಾಗದ ಲೆಕ್ಕನಾದ್ರೂ ಹಾಕು.

ಮೊನ್ನೆ ಮಾವನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗಿದ್ದೆ. ಈ ಕೊನೇ ಫೋಟೋ ಅಲ್ಲೇ ತೆಗೆದಿದ್ದು. ಚಕ್ರದ ಪಕ್ಕ ಹಳಿಗೆ ಬಾಯಿ ಕೊಟ್ಟಿರೋ ಸಣ್ಣ ಪೈಪ್ ಕಾಣುತ್ತಲ್ಲ, ಅದೇ ಮರಳಿನ ಪೈಪ್. ಎಲ್ಲರೂ ಎಂಜಿನ್ನಿನ ಮುಖದ ಫೋಟೋ ತೆಗೀತಿದ್ರು. ಮಾವ ಬಗ್ಗಿ ಮೊದಲು ನೋಡಿದ್ದು ಇದನ್ನ. “ಒಣಗಿದೆ, ಪರವಾಗಿಲ್ಲ” ಅಂದ್ರು.